ಕರುಳಿನ ಹುಳಿ ಯಾರ ಕಿವಿಗೆ ಬೀಳುತ್ತದೆ?

ಹೋದ ಸಂಚಿಕೆಯಲ್ಲಿ ಒಂದು ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೆ. ನಾವು ತಿಂದ ನಾರನ್ನು ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಹುಳಿ ಬರಿಸಿ ಆಮ್ಲ ಮಾಡುತ್ತವೆ, ನಮ್ಮ ಜೀವಕೋಶಗಳು ಆ ಆಮ್ಲಗಳ ಮಾತು ಕೇಳುತ್ತವೆ ಅಂತ. ಅಷ್ಟೇ ಬರೆದದ್ದು. ಅದಕ್ಕೆ ಬಂದ ಪತ್ರಗಳು ನೋಡಿದರೆ, ಇಡೀ ಅಂಕಣವನ್ನು ಇದಕ್ಕೇ ಬಿಡಬೇಕು ಅನ್ನಿಸಿತು. ಹೊರಗೆ ಮಳೆ ಬಿಡುವ ಲಕ್ಷಣ ಇಲ್ಲ, ಕರೆಂಟ್ ಹೋಗಿ ಎರಡು ದಿನ ಆಯ್ತು. ಕೂತು ಬರೆಯಲಿಕ್ಕೆ ಇದಕ್ಕಿಂತ ಒಳ್ಳೆ ಸಮಯ ಇಲ್ಲ.

ಪ್ರಶ್ನೆ: ಅಕ್ಕ, ಹುಳಿ ಹೇಗೆ ಮಾತಾಡುತ್ತದೆ? ನಮ್ಮ ಕಾಫಿ ತೊಟ್ಟಿಯಲ್ಲೂ ಹುಳಿ ಬರುತ್ತದೆ, ಅದು ಯಾರ ಜೊತೆಗೂ ಮಾತಾಡಿದ್ದು ನಾನು ಕಾಣೆ. ಸ್ವಲ್ಪ ಬಿಡಿಸಿ ಹೇಳಿ.
— ಬೆಳೆಗಾರರೊಬ್ಬರು, ನಾಪೋಕ್ಲು

ಉತ್ತರ: ಕಾಫಿ ತೊಟ್ಟಿ ನೀವೇ ಎತ್ತಿದ್ದು ಒಳ್ಳೆಯದಾಯಿತು, ಅಲ್ಲಿಂದಲೇ ಶುರು ಮಾಡೋಣ. ಹಣ್ಣನ್ನು ಸಿಪ್ಪೆ ಸುಲಿಯುವ ಪಲ್ಪರ್‌ಗೆ ಹಾಕಿದ ಮೇಲೆ ಬೀಜದ ಮೇಲೆ ಲೋಳೆ ಉಳಿಯುತ್ತದೆ. ತೊಟ್ಟಿಯಲ್ಲಿ ಬಿಟ್ಟರೆ ಕಣ್ಣಿಗೆ ಕಾಣದ ಜೀವಿಗಳು ಆ ಲೋಳೆ ತಿನ್ನುತ್ತವೆ. ಮರುದಿನ ಕೈ ಹಾಕಿ ಉಜ್ಜಿ ನೋಡುತ್ತೀರಿ. ಜಾರುತ್ತಿದ್ದ ಬೀಜ ಈಗ ಮರಳಿನ ಹಾಗೆ ಒರಟು. ಮೂಗಿಗೆ ಹುಳಿ ವಾಸನೆ. ಆ ಹುಳಿ ಅಂದರೆ ಲೋಳೆ ತಿಂದವರು ಬಿಟ್ಟುಹೋದ ಕಸ.

ನಮ್ಮ ದೊಡ್ಡಕರುಳೂ ಅಂಥದೇ ತೊಟ್ಟಿ. ಸೊಪ್ಪು, ಕಾಳು, ಗೆಡ್ಡೆಗಳಲ್ಲಿ ನಮಗೆ ಜೀರ್ಣವಾಗದ ಭಾಗ ಇರುತ್ತದೆ. ಅದು ಸಣ್ಣಕರುಳನ್ನು ಹಾಗೇ ದಾಟಿ ಇಲ್ಲಿಗೆ ಬಂದು ಬೀಳುತ್ತದೆ. ಇಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಬ್ಯಾಕ್ಟೀರಿಯಾಗಳಿಗೆ ಅದನ್ನು ಪೂರ್ತಿ ಉರಿಸಲು ಆಗುವುದಿಲ್ಲ, ಅರ್ಧಕ್ಕೇ ಬಿಟ್ಟು ಸಣ್ಣ ಸಣ್ಣ ಆಮ್ಲಗಳನ್ನು ಹೊರಗೆ ಎಸೆಯುತ್ತವೆ. ಎರಡು ಕಾರ್ಬನ್ ಇರುವುದು ಅಸಿಟೇಟ್, ಅಂದರೆ ವಿನೆಗರ್‌ನ ಹುಳಿ. ಮೂರು ಕಾರ್ಬನ್ ಇರುವುದು ಪ್ರೊಪಿಯೊನೇಟ್. ನಾಲ್ಕು ಇರುವುದು ಬ್ಯುಟಿರೇಟ್, ಕೆಟ್ಟ ಬೆಣ್ಣೆಯ ಆ ಗಬ್ಬು ವಾಸನೆ ಇದರದ್ದೇ. ಸಣ್ಣ ಸರಪಳಿಯ ಕೊಬ್ಬಿನ ಆಮ್ಲಗಳು ಅಂತ ಮೂವರನ್ನೂ ಸೇರಿಸಿ ಕರೆಯುತ್ತಾರೆ. ಹೆಚ್ಚು ಕಡಿಮೆ 60:20:20 ಲೆಕ್ಕದಲ್ಲಿ ಹುಟ್ಟುತ್ತವೆ. ನಾರು ಚೆನ್ನಾಗಿ ತಿಂದರೆ ದಿನಕ್ಕೆ 500ರಿಂದ 600 ಮಿಲಿಮೋಲ್. ತೂಕದಲ್ಲಿ ಹೇಳಬೇಕೆಂದರೆ 35ರಿಂದ 40 ಗ್ರಾಂ ಆಸುಪಾಸು. ಕಸ ಅಂದರೂ ಸಣ್ಣ ಕಸ ಅಲ್ಲ ಇದು.

ಈಗ ಮಾತಿನ ವಿಷಯಕ್ಕೆ ಬರೋಣ. ನಮ್ಮ ಕೊಡಗಿನ ಕಡೆ ಹಿಂದೆ ಮನೆಯಲ್ಲಿ ಗಂಡುಮಗು ಹುಟ್ಟಿದರೆ ಕೋವಿಯಿಂದ ಒಂದು ಗುಂಡು, ಸಾವಾದರೆ ಒಂದರ ಹಿಂದೆ ಒಂದು ಎರಡು ಗುಂಡು ಹಾರಿಸುತ್ತಿದ್ದರು ಅಲ್ವಾ? (ಹೆಣ್ಣುಮಗುವಿಗೆ ಯಾಕೆ ಹಾರಿಸುತ್ತಿರಲಿಲ್ಲ ಅಂತ ಕೇಳಬೇಡಿ, ಆ ಜಗಳ ನನ್ನ ಅಜ್ಜಿ ಜೊತೆ ಆಗಿ ಮುಗಿದಿದೆ.) ಗುಂಡು ಯಾರ ಮನೆಗೂ ಹೋಗಿ ಬೀಳುವುದಿಲ್ಲ. ಗದ್ದೆಯಾಚೆ ಇರುವವರಿಗೆ ಸದ್ದು ಮಾತ್ರ ಕೇಳುತ್ತದೆ. ಅದನ್ನು ಕೇಳಿ ಒಬ್ಬರು ನೇಗಿಲು ಬಿಟ್ಟು ಹೊರಡುತ್ತಾರೆ, ಒಬ್ಬರು ಸೌದೆ ಹೊರುತ್ತಾರೆ, ಇನ್ನೊಬ್ಬರು ನೆಂಟರಿಗೆ ಹೇಳಿ ಕಳಿಸುತ್ತಾರೆ. ಸದ್ದು ಒಂದೇ, ಕೆಲಸ ಬೇರೆ ಬೇರೆ. ಕಿವುಡರಿಗೆ ಏನೂ ಇಲ್ಲ.

ಜೀವಕೋಶಕ್ಕೆ ಆ ಕಿವಿಯೇ ರಿಸೆಪ್ಟರ್. ಕೋಶದ ಪೊರೆಯಲ್ಲಿ ಏಳು ಸಲ ಒಳಗೆ ಹೊರಗೆ ಹೊಲಿಗೆ ಹಾಕಿದ ಹಾಗೆ ಕೂತಿರುವ ಒಂದು ಪ್ರೋಟೀನ್. ಹೊರಗಡೆ ಇರುವ ಗುಳಿಯಲ್ಲಿ ಆಮ್ಲ ಬಂದು ಕೂರುತ್ತದೆ. ಕೂತ ಕೂಡಲೇ ಪ್ರೋಟೀನ್ ಸ್ವಲ್ಪ ಮೈ ತಿರುಗಿಸುತ್ತದೆ, ಒಳಗಡೆ ಅಂಟಿಕೊಂಡ ಇನ್ನೊಂದು ಪ್ರೋಟೀನ್‌ಗೆ ಅದು ಗೊತ್ತಾಗುತ್ತದೆ, ಅಲ್ಲಿಂದ ಕೆಲಸ ಶುರು. ಆಮ್ಲ ಒಳಗೆ ಹೋಗುವುದೇ ಇಲ್ಲ.

ಆದರೆ ಇವೇ ಆಮ್ಲಗಳು ಊಟವೂ ಹೌದು. ದೊಡ್ಡಕರುಳಿನ ಒಳಗೋಡೆಯ ಕೋಶಗಳು ತಮಗೆ ಬೇಕಾದ ಶಕ್ತಿಯಲ್ಲಿ ಶೇಕಡಾ 60ರಿಂದ 70 ಪಾಲನ್ನು ಬ್ಯುಟಿರೇಟ್ ಉರಿಸಿಯೇ ಪಡೆಯುತ್ತವೆ. ಅದಕ್ಕೆ ಬೇರೆ ಬಾಗಿಲು ಇದೆ, ಅಲ್ಲಿ ಬ್ಯುಟಿರೇಟ್ ಒಳಗೇ ಹೋಗುತ್ತದೆ. ಕಿವಿ ಬೇರೆ, ಬಾಯಿ ಬೇರೆ. ಮುಂದಿನ ಪತ್ರಗಳಲ್ಲಿ ಅರ್ಧದಷ್ಟು ಗೊಂದಲ ಇವೆರಡನ್ನು ಒಂದೇ ಅಂದುಕೊಂಡಿದ್ದರಿಂದಲೇ ಬಂದಿದೆ.

ಪ್ರಶ್ನೆ: ಮೇಡಂ, ನಾನು ಬಿಎಸ್ಸಿ ಓದುತ್ತಿದ್ದೇನೆ. ನೋಟ್ಸ್‌ನಲ್ಲಿ ಈ ಆಮ್ಲಗಳ ರಿಸೆಪ್ಟರ್‌ಗಳ ಹೆಸರು ಜಿಪಿಆರ್ 41, ಜಿಪಿಆರ್ 43 ಅಂತ ಇದೆ. ಇನ್ನೊಂದು ಪುಸ್ತಕದಲ್ಲಿ ಎಫ್‌ಎಫ್‌ಎಆರ್ 2, ಎಫ್‌ಎಫ್‌ಎಆರ್ 3. ತಲೆ ಕೆಟ್ಟುಹೋಗಿದೆ. ಎರಡೂ ಇದೇ ಆಮ್ಲಗಳನ್ನು ಹಿಡಿಯುವುದಾದರೆ ಎರಡು ಯಾಕೆ ಬೇಕಿತ್ತು?
— ವಿದ್ಯಾರ್ಥಿನಿ, ವಿರಾಜಪೇಟೆ

ಉತ್ತರ: ಮೊದಲು ಹೆಸರಿನ ಕಾಟ ಮುಗಿಸೋಣ ಕಣಮ್ಮ. 43 ಅಂದರೆ ಎಫ್‌ಎಫ್‌ಎಆರ್ 2. 41 ಅಂದರೆ ಎಫ್‌ಎಫ್‌ಎಆರ್ 3. ಹೌದು, ಉಲ್ಟಾ. ದೊಡ್ಡ ಸಂಖ್ಯೆಗೆ ಸಣ್ಣ ಸಂಖ್ಯೆ. ಪರೀಕ್ಷೆಯ ಹಿಂದಿನ ರಾತ್ರಿ ಇದನ್ನು ಕೈ ಮೇಲೆ ಬರೆದುಕೊಂಡು ಓದಿದವಳು ನಾನು.

1997ರಲ್ಲಿ ಈ ಎರಡರ ಜೀನ್‌ಗಳು 19ನೇ ಕ್ರೋಮೋಸೋಮ್‌ನಲ್ಲಿ ಅಕ್ಕಪಕ್ಕ ಸಿಕ್ಕಿದವು. ಆಕಾರ ನೋಡಿದರೆ ರಿಸೆಪ್ಟರ್, ಯಾವುದಕ್ಕೆ ಅಂತ ಗೊತ್ತಿಲ್ಲ. ಇಂಥವಕ್ಕೆ ಅನಾಥ ರಿಸೆಪ್ಟರ್ ಅನ್ನುತ್ತಾರೆ. ಆರು ವರ್ಷ ಹಾಗೇ ಇದ್ದವು. 2003ರಲ್ಲಿ ಮೂರು ತಂಡಗಳು, ಒಬ್ಬರ ಹಂಗಿಲ್ಲದೆ ಇನ್ನೊಬ್ಬರು, ಇವುಗಳನ್ನು ಎಬ್ಬಿಸುವುದು ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್ ಅಂತ ತೋರಿಸಿದವು. ಆವರೆಗೆ ಕರುಳಿನ ಈ ಆಮ್ಲಗಳನ್ನು ಜನ ಮುಖ್ಯವಾಗಿ ಆಹಾರ ಅಂತ ನೋಡುತ್ತಿದ್ದರು. ಹಸು ಸಾಕುವವರಿಗೆ ಇದು ಮೊದಲೇ ಗೊತ್ತು, ಅದರ ಶಕ್ತಿಯ ಬಹುಪಾಲು ಹೊಟ್ಟೆಯ ಮೊದಲ ಚೀಲದಲ್ಲಿ ಹುಟ್ಟುವ ಇವೇ ಆಮ್ಲಗಳಿಂದ. ಅವು ಸುದ್ದಿಯನ್ನೂ ಹೊರುತ್ತವೆ ಅನ್ನುವುದಕ್ಕೆ 2003ರಲ್ಲಿ ಗಟ್ಟಿ ಸಾಕ್ಷಿ ಸಿಕ್ಕಿತು.

ಹಿಡಿಯುವುದು ಹೇಗೆ? ಕರುಳಿನಲ್ಲಿ ಈ ಆಮ್ಲಗಳ ತುದಿ ಋಣ ವಿದ್ಯುತ್ ಹೊತ್ತಿರುತ್ತದೆ. ರಿಸೆಪ್ಟರ್‌ನ ಗುಳಿಯಲ್ಲಿ ಧನ ವಿದ್ಯುತ್ ಇರುವ ಎರಡು ಆರ್ಜಿನಿನ್‌ಗಳು (ಪ್ರೋಟೀನ್ ಕಟ್ಟುವ ಒಂದು ಬಗೆಯ ಅಮೈನೋ ಆಮ್ಲ) ಕಾದು ಕೂತಿರುತ್ತವೆ, ಅವು ಆ ತುದಿಯನ್ನು ಕಚ್ಚಿ ಹಿಡಿಯುತ್ತವೆ. ಆಮ್ಲದ ಕಾರ್ಬನ್ ಬಾಲ ಎಷ್ಟು ಉದ್ದ ಇರಬಹುದು ಅನ್ನುವುದು ಗುಳಿ ಎಷ್ಟು ಆಳ ಅನ್ನುವುದರ ಮೇಲೆ. ಮನುಷ್ಯರಲ್ಲಿ 43ಕ್ಕೆ ಗಿಡ್ಡವೇ ಇಷ್ಟ, ಅಂದರೆ ಅಸಿಟೇಟ್ ಮತ್ತು ಪ್ರೊಪಿಯೊನೇಟ್. 41ಕ್ಕೆ ಪ್ರೊಪಿಯೊನೇಟ್, ಬ್ಯುಟಿರೇಟ್ ಇಷ್ಟ, ಅಸಿಟೇಟ್ ಅಂದರೆ ಅಷ್ಟಕ್ಕಷ್ಟೆ.

ಎರಡು ಯಾಕೆ ಅನ್ನುವುದಕ್ಕೆ ಉತ್ತರ ಒಳಗಿನ ತಂತಿಯಲ್ಲಿದೆ, ಅಂದರೆ ಆಗಲೇ ಹೇಳಿದ ಒಳಗಡೆ ಅಂಟಿಕೊಂಡ ಪ್ರೋಟೀನ್‌ನಲ್ಲಿ. 41ಕ್ಕೆ ಒಂದೇ ತಂತಿ, ಜಿ-ಐ. ಅದು ಕೋಶದೊಳಗೆ ಸುದ್ದಿ ಹೊರುವ ಸೈಕ್ಲಿಕ್ ಎಎಂಪಿ ಅನ್ನುವ ಅಣುವನ್ನು ತಗ್ಗಿಸುತ್ತದೆ. 43ಕ್ಕೆ ಎರಡು, ಜಿ-ಐ ಜೊತೆಗೆ ಜಿ-ಕ್ಯೂ. ಜಿ-ಕ್ಯೂ ಎಳೆದರೆ ಕೋಶದೊಳಗೆ ಕ್ಯಾಲ್ಸಿಯಂ ಏರುತ್ತದೆ. ಕ್ಯಾಲ್ಸಿಯಂ ಏರಿದರೆ ಕೋಶ ಕೂಡಿಟ್ಟ ಹಾರ್ಮೋನ್ ಹೊರಗೆ ಸುರಿಯಬಹುದು. ಕರುಳಿನ ಎಲ್-ಕೋಶಗಳಲ್ಲಿ ಆಗುವುದು ಅದೇ. ಅಲ್ಲಿಂದ ಜಿಎಲ್‌ಪಿ-1, ಪಿವೈವೈ ಅನ್ನುವ ಹಾರ್ಮೋನ್‌ಗಳು ಹೊರಡುತ್ತವೆ, ಸಾಕು ಇನ್ನು ತಿಂದದ್ದು ಅಂತ ಮೆದುಳಿಗೆ ಹೇಳುವವು. 43 ಬಿಳಿ ರಕ್ತಕಣಗಳಲ್ಲೂ ಧಾರಾಳ ಇದೆ, ಅವುಗಳಲ್ಲಿ ನ್ಯೂಟ್ರೋಫಿಲ್ ಅನ್ನುವವು ಅದರ ಮೂಲಕ ಆಮ್ಲಗಳ ಸುಳಿವು ಹಿಡಿದು ನಡೆದು ಬರುತ್ತವೆ. 41 ಇರುವುದು ನರಗಳ ಗಂಟುಗಳಲ್ಲಿ ಜಾಸ್ತಿ.

ಇನ್ನೊಂದು ವಿಷಯ ನಿಮ್ಮ ನೋಟ್ಸ್‌ನಲ್ಲಿ ಇಲ್ಲದಿದ್ದರೆ ಸೇರಿಸಿಕೊಳ್ಳಿ. ಬ್ಯುಟಿರೇಟ್ ಯಾವ ರಿಸೆಪ್ಟರ್ ಹಂಗೂ ಇಲ್ಲದೆ ಕೋಶದೊಳಗೇ ಹೋಗಿ, ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್‌ಗಳ ಮೇಲಿನ ಗುರುತನ್ನು ಅಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಮುಚ್ಚಿದ್ದ ಕೆಲವು ಜೀನ್‌ಗಳು ತೆರೆದುಕೊಳ್ಳುತ್ತವೆ. 2013ರಲ್ಲಿ ಮೂರು ಸಂಶೋಧನಾ ಲೇಖನಗಳು ಬಂದವು. ಇಲಿಗಳ ದೊಡ್ಡಕರುಳಿನಲ್ಲಿ ಉರಿಯೂತವನ್ನು ಹದ್ದುಬಸ್ತಿನಲ್ಲಿಡುವ ಟಿ-ಕೋಶಗಳು ಈ ಆಮ್ಲಗಳಿಂದ ಹೆಚ್ಚಾಗುತ್ತವೆ ಅಂತ ಮೂರೂ ಹೇಳಿದವು. ಒಂದರಲ್ಲಿ ಅದಕ್ಕೆ 43 ಕಾರಣ, ಉಳಿದವುಗಳಲ್ಲಿ ಹಿಸ್ಟೋನ್ ದಾರಿಗೇ ಒತ್ತು. ಎರಡೂ ಸರಿ ಇರಬಹುದು. ಪರೀಕ್ಷೆಯಲ್ಲಿ ಎರಡನ್ನೂ ಬರೆಯಿರಿ, ಮಾರ್ಕ್ಸ್ ಕಟ್ ಮಾಡಿದರೆ ನನಗೆ ಹೇಳಿ.

ಪ್ರಶ್ನೆ: ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬರು ಹಾಕಿದ್ದರು: ತೂಕ ಇಳಿಸುವ ಇಂಜೆಕ್ಷನ್ ಮಾಡುವ ಕೆಲಸವನ್ನು ನಾರು ತಿಂದೇ ಮಾಡಬಹುದಂತೆ, ಎರಡೂ ಒಂದೇ ಹಾರ್ಮೋನ್ ಅಂತೆ. ನಿಜವಾ? ಇಂಜೆಕ್ಷನ್ ದುಡ್ಡು ಉಳಿಸಬಹುದಾ?
— ಕುಶಾಲನಗರ

ಉತ್ತರ: ಹಾರ್ಮೋನ್ ಒಂದೇ ಅನ್ನುವುದು ನಿಜ. ಕೆಲಸ ಒಂದೇ ಅನ್ನುವುದು ಸುಳ್ಳು. ನಮ್ಮ ಎಲ್-ಕೋಶಗಳು ಬಿಡುವ ಜಿಎಲ್‌ಪಿ-1 ರಕ್ತದಲ್ಲಿ ಎರಡು ನಿಮಿಷಕ್ಕೇ ಅರ್ಧ ಕರಗಿಹೋಗುತ್ತದೆ. ಸೆಮಾಗ್ಲುಟೈಡ್ ಇಂಜೆಕ್ಷನ್ ಅದರ ನಕಲು, ಆದರೆ ಬೇಗ ಕರಗದ ಹಾಗೆ ತಿದ್ದಿದ ನಕಲು. ವಾರಕ್ಕೊಮ್ಮೆ ಚುಚ್ಚಿದರೆ ಸಾಕಾಗುವುದು ಅದಕ್ಕೇ. ಒಂದು ಬೆಂಕಿಕಡ್ಡಿ, ಇನ್ನೊಂದು ಇಡೀ ರಾತ್ರಿ ಉರಿಯುವ ಕೊರಡು. ಡಾಕ್ಟರು ಕೊಟ್ಟ ಇಂಜೆಕ್ಷನ್ನನ್ನು ಗ್ರೂಪಿನ ಮಾತು ಕೇಳಿ ಬಿಡಬೇಡಿ.

ಹಾಗಂತ ಏನೂ ಇಲ್ಲ ಅಂತಲೂ ಅಲ್ಲ. ಲಂಡನ್ನಿನಲ್ಲಿ ಒಂದು ಪ್ರಯೋಗ ಮಾಡಿದರು, ಫಲಿತಾಂಶ 2015ರಲ್ಲಿ ಬಂತು. ಪ್ರೊಪಿಯೊನೇಟ್ ಅನ್ನು ಇನುಲಿನ್ ಎಂಬ ನಾರಿಗೆ ಅಂಟಿಸಿದರು. ಹಾಗೆ ಅಂಟಿಸಿದರೆ ಅದು ದಾರಿಯಲ್ಲಿ ಹೀರಿಹೋಗದೆ ದೊಡ್ಡಕರುಳು ತಲುಪಿ ಅಲ್ಲೇ ಬಿಡುಗಡೆ ಆಗುತ್ತದೆ. ತೂಕ ಜಾಸ್ತಿ ಇದ್ದ 60 ಜನರಲ್ಲಿ ಕೆಲವರಿಗೆ ಇದನ್ನೂ ಉಳಿದವರಿಗೆ ಬರೀ ಇನುಲಿನ್ನೂ ದಿನಕ್ಕೆ 10 ಗ್ರಾಂ ಹಾಗೆ 24 ವಾರ ಕೊಟ್ಟರು. ಪ್ರೊಪಿಯೊನೇಟ್ ಸಿಕ್ಕವರ ತೂಕ ಉಳಿದವರಷ್ಟು ಏರಲಿಲ್ಲ. ಏರಲಿಲ್ಲ ಅಂದೆ, ಧಡಧಡ ಇಳಿಯಿತು ಅನ್ನಲಿಲ್ಲ.

ಇನ್ನು ಇಲಿಗಳ ಕಥೆ ಕೇಳಿದರೆ ನಗು ಬರುತ್ತದೆ. 43 ತೆಗೆದುಹಾಕಿದ ಇಲಿಗಳು ಒಂದು ಪ್ರಯೋಗಾಲಯದಲ್ಲಿ ದಪ್ಪಗಾದವು, ಇನ್ನೊಂದರಲ್ಲಿ ಕೊಬ್ಬು ತಿಂದರೂ ತೆಳ್ಳಗೇ ಉಳಿದವು. ಒಂದೊಂದು ಕಡೆ ಮೇವು ಬೇರೆ, ಕರುಳಿನ ಬ್ಯಾಕ್ಟೀರಿಯಾ ಬೇರೆ. ಸಾಲದ್ದಕ್ಕೆ ಇಲಿಯ ರಿಸೆಪ್ಟರ್‌ಗಳ ಇಷ್ಟಾನಿಷ್ಟ ನಮ್ಮದರ ಹಾಗೇ ಇಲ್ಲ. ಇಲಿಯಲ್ಲಿ ಕಂಡದ್ದನ್ನು ನೇರ ನಮ್ಮ ತಟ್ಟೆಗೆ ಬಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಪ್ರಶ್ನೆ: ಅಕ್ಕಾ, ತುಪ್ಪದಲ್ಲೇ ಬ್ಯುಟಿರೇಟ್ ಇದೆಯಂತಲ್ಲ? ಮೂರು ತಿಂಗಳಿಂದ ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ದೊಡ್ಡ ಚಮಚ ತುಪ್ಪ ಕುಡಿಯುತ್ತಿದ್ದೇನೆ, ಕರುಳಿಗೆ ಒಳ್ಳೆಯದು ಅಂತ. ನಮ್ಮ ಯಜಮಾನರು ನಗುತ್ತಾರೆ.
— ಗೃಹಿಣಿ, ಸೋಮವಾರಪೇಟೆ

ಉತ್ತರ: ಯಜಮಾನರು ನಗಲಿ ಬಿಡಿ, ನೀವು ಕೇಳಿದ್ದರಲ್ಲಿ ಅರ್ಧ ಸರಿಯೇ ಇದೆ. ಬ್ಯುಟಿರೇಟ್ ಅನ್ನುವ ಹೆಸರೇ ಬೆಣ್ಣೆಯ ಲ್ಯಾಟಿನ್ ಹೆಸರಿನಿಂದ ಬಂದದ್ದು. ಹಾಲಿನ ಕೊಬ್ಬಿನಲ್ಲಿ ಅದು ನೂರಕ್ಕೆ ಮೂರೋ ನಾಲ್ಕೋ ಪಾಲು ಇರುತ್ತದೆ.

ಈಗ ಲೆಕ್ಕ ಹಾಕಿ. ಹತ್ತು ಗ್ರಾಂ ತುಪ್ಪ ಕುಡಿದರೆ ಬ್ಯುಟಿರೇಟ್ ಸಿಗುವುದು 0.3ರಿಂದ 0.4 ಗ್ರಾಂ ಮಾತ್ರ. ಮೊದಲ ಪತ್ರಕ್ಕೆ ಹೇಳಿದ 500 ಮಿಲಿಮೋಲ್‌ನಲ್ಲಿ ಐದನೇ ಒಂದು ಪಾಲು ಬ್ಯುಟಿರೇಟ್ ಅಂದರೂ ನಿಮ್ಮ ಬ್ಯಾಕ್ಟೀರಿಯಾಗಳು ದಿನಕ್ಕೆ ಎಂಟು ಒಂಬತ್ತು ಗ್ರಾಂ ಮಾಡಿ ಕೊಡುತ್ತವೆ, ಅದೂ ಪುಕ್ಕಟೆ. ಇನ್ನೂ ದೊಡ್ಡ ತೊಡಕು ಎಂದರೆ ತುಪ್ಪದ್ದು ದೊಡ್ಡಕರುಳು ತಲುಪುವುದೇ ಇಲ್ಲ. ಹೊಟ್ಟೆ, ಸಣ್ಣಕರುಳಿನಲ್ಲೇ ಕೊಬ್ಬಿನಿಂದ ಬಿಡಿಸಿಕೊಂಡು, ಅಲ್ಲೇ ಹೀರಿಕೊಂಡು, ಲಿವರ್‌ಗೆ ಹೋಗಿ ಖರ್ಚಾಗುತ್ತದೆ. ಬಿತ್ತನೆ ಬೀಜವನ್ನು ಗದ್ದೆಗೆ ಒಯ್ಯುವ ದಾರಿಯಲ್ಲೇ ಕೋಳಿಗೆ ಹಾಕಿದ ಹಾಗೆ.

ಸರಿಯಾದ ಜಾಗಕ್ಕೆ ತಲುಪಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಹಳೆಯ ಉದಾಹರಣೆ ಇದೆ. ಆಪರೇಷನ್ ಮಾಡಿ ಮಲದ ದಾರಿ ಬದಲಿಸಿದವರಲ್ಲಿ, ಕೆಳಗೆ ಉಳಿದ ಕರುಳಿನ ತುಂಡಿಗೆ ಆಹಾರ ಬರುವುದು ನಿಂತು ಅದು ಉರಿಯೂತಕ್ಕೆ ಸಿಗುವುದುಂಟು. 1989ರಲ್ಲಿ ಅಂಥ ಕೆಲವು ರೋಗಿಗಳ ಕರುಳಿನ ಆ ಭಾಗಕ್ಕೇ ಈ ಆಮ್ಲಗಳ ದ್ರಾವಣ ಬಿಟ್ಟು ತೊಳೆದರು. ವಾಸಿಯಾಯಿತು. ಬಾಯಿಂದ ಕೊಟ್ಟದ್ದಲ್ಲ, ನೆನಪಿರಲಿ.

ತುಪ್ಪ ಬೇಕೆಂದರೆ ಬಿಸಿ ಅನ್ನಕ್ಕೆ ಹಾಕಿಕೊಂಡು ರುಚಿಗೆ ತಿನ್ನಿ. ಕುಡಿಯುವುದು ನಿಲ್ಲಿಸಿ.

ಪ್ರಶ್ನೆ: ಕೆಲವು ವರ್ಷದ ಹಿಂದೆ ಕೊಲೆಸ್ಟರಾಲ್‌ಗೆ ಅಂತ ನಯಾಸಿನ್ ಮಾತ್ರೆ ಕೊಟ್ಟಿದ್ದರು. ನುಂಗಿ ಅರ್ಧ ಗಂಟೆಗೆ ಮುಖ ಕುತ್ತಿಗೆ ಎಲ್ಲ ಕೆಂಪಾಗಿ ಉರಿ. ಹೆಂಡತಿ ನಾನು ಬೆಳಿಗ್ಗೆಯೇ ಬ್ರಾಂದಿ ಹಾಕಿದ್ದೇನೆ ಅಂತ ಜಗಳ ತೆಗೆದಳು. ನೀವು ಬರೆದ ರಿಸೆಪ್ಟರ್‌ಗೂ ಇದಕ್ಕೂ ಸಂಬಂಧ ಉಂಟಾ?
— ನಿವೃತ್ತ ಗುಮಾಸ್ತರು, ಮಡಿಕೇರಿ

ಉತ್ತರ: ಉಂಟು ಸಾರ್, ಬಹಳ ಹತ್ತಿರದ ಸಂಬಂಧ. ಈ ಅಂಕಣ ನಿಮ್ಮ ಮನೆಯವರಿಗೆ ತೋರಿಸಿ.

ಜಿಪಿಆರ್ 109ಎ ಅಂತ ಮೂರನೇ ರಿಸೆಪ್ಟರ್ ಒಂದಿದೆ. ಅದು ನಯಾಸಿನ್‌ನದ್ದು ಅಂತ ಗೊತ್ತಾದದ್ದು ಕೂಡ 2003ರಲ್ಲೇ. ಚರ್ಮದ ಕೆಲವು ಕೋಶಗಳಲ್ಲಿ ಅದು ಇದೆ. ನಯಾಸಿನ್ ಅಲ್ಲಿ ಕೂತರೆ ಆ ಕೋಶಗಳು ಪ್ರೋಸ್ಟಾಗ್ಲಾಂಡಿನ್ ಅನ್ನುವ ರಾಸಾಯನಿಕ ಬಿಡುತ್ತವೆ, ಚರ್ಮದ ಸಣ್ಣ ರಕ್ತನಾಳಗಳು ಹಿಗ್ಗುತ್ತವೆ, ಮುಖ ಕೆಂಪು. ಬ್ರಾಂದಿ ಪಾಪ ನಿರಪರಾಧಿ. (ಅಂದಿನ ಮಟ್ಟಿಗೆ, ಅಂತ ನಿಮ್ಮ ಮನೆಯವರು ಸೇರಿಸಬಹುದು.) ಆ ಮಾತ್ರೆಯನ್ನು ಈಗ ಕೊಲೆಸ್ಟರಾಲ್‌ಗೆ ಕೊಡುವುದು ಬಹಳ ಕಡಿಮೆಯಾಗಿದೆ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯ ಜೊತೆ ಅದನ್ನೂ ಸೇರಿಸಿದರೆ ಹೆಚ್ಚಿನ ಲಾಭ ಇಲ್ಲ ಅಂತ 2011 ಮತ್ತು 2014ರ ದೊಡ್ಡ ಪ್ರಯೋಗಗಳು ತೋರಿಸಿದವು.

ಈಗ ಸ್ವಾರಸ್ಯ ನೋಡಿ. ಇದೇ 109ಎ ದೊಡ್ಡಕರುಳಿನ ಒಳಗೋಡೆಯಲ್ಲೂ ಇದೆ, ಅಲ್ಲಿ ಅದನ್ನು ಎಬ್ಬಿಸುವುದು ಬ್ಯುಟಿರೇಟ್. ಹಾಗಾದರೆ ಹುರುಳಿ ಸಾರು ಕುಡಿದ ಮರುದಿನ ನಮ್ಮ ಮುಖ ಯಾಕೆ ಕೆಂಪಾಗುವುದಿಲ್ಲ? ಈ ಕಿವಿ ಸ್ವಲ್ಪ ಮಂದ. ಬ್ಯುಟಿರೇಟ್ ಮಿಲಿಮೋಲ್ ಮಟ್ಟದಲ್ಲಿ ಇದ್ದರೇ ಅದಕ್ಕೆ ಕೇಳುವುದು. ದೊಡ್ಡಕರುಳಿನ ಒಳಗೆ ಮೂರೂ ಆಮ್ಲ ಸೇರಿ ಲೀಟರಿಗೆ ನೂರು ಮಿಲಿಮೋಲ್ ಆಸುಪಾಸು ಇರುತ್ತವೆ, ಅಲ್ಲಿ ಬ್ಯುಟಿರೇಟ್‌ಗೆ ಬರ ಇಲ್ಲ. ಆದರೆ ಗೋಡೆಯ ಕೋಶಗಳೇ ಅದನ್ನು ಉಂಡುಬಿಡುತ್ತವೆ. ತಪ್ಪಿಸಿಕೊಂಡು ಹೋದದ್ದನ್ನು ಲಿವರ್ ಹಿಡಿಯುತ್ತದೆ. ಕೈಯ ರಕ್ತನಾಳದಲ್ಲಿ ಅಳೆದರೆ ಉಳಿದಿರುವುದು ಕೆಲವೇ ಮೈಕ್ರೋಮೋಲ್, ಮಿಲಿಮೋಲ್‌ನ ಸಾವಿರದ ಒಂದಂಶ ಅದು. ಪ್ರೊಪಿಯೊನೇಟ್ ಕಥೆಯೂ ಹೀಗೇ, ಲಿವರ್‌ನಲ್ಲಿ ಮುಗಿಯುತ್ತದೆ. ಅಸಿಟೇಟ್ ಒಂದೇ ಮೈತುಂಬ ಓಡಾಡುವಷ್ಟು ಉಳಿಯುವುದು. ಹಾಗಾಗಿ ಬ್ಯುಟಿರೇಟ್‌ನ ಮಾತು ಬಹುಮಟ್ಟಿಗೆ ಕರುಳಿನ ಅಂಗಳದಲ್ಲೇ ಮುಗಿಯುತ್ತದೆ. ನಿಮ್ಮ ಮಾತ್ರೆ ರಕ್ತದಲ್ಲೇ ಹೋಗಿ ಚರ್ಮದ ಬಾಗಿಲು ತಟ್ಟಿತು, ಅಷ್ಟೇ ವ್ಯತ್ಯಾಸ.

ಪ್ರಶ್ನೆ: ನನಗೆ ಬಿಪಿ ಇದೆ. ಕರುಳಿನ ಆಮ್ಲಕ್ಕೂ ಬಿಪಿಗೂ ಸಂಬಂಧ ಇದೆ, ಅದಕ್ಕೆ ಕಿಡ್ನಿಯಲ್ಲಿ ಮೂಗು ಇದೆ ಅಂತ ಮಗ ಓದಿ ಹೇಳಿದ. ತಮಾಷೆ ಮಾಡುತ್ತಿದ್ದಾನಾ?
— ಮೂರ್ನಾಡು

ಉತ್ತರ: ಇಲ್ಲಮ್ಮ, ಮಗ ಸರಿಯಾಗಿಯೇ ಓದಿದ್ದಾನೆ. ವಾಸನೆ ಹಿಡಿಯುವ ರಿಸೆಪ್ಟರ್‌ಗಳು ಮೂಗಿನಲ್ಲಷ್ಟೇ ಇರುವುದಿಲ್ಲ. ಅಮೆರಿಕದ ಜೆನಿಫರ್ ಪ್ಲುಜ್ನಿಕ್ ಮತ್ತು ಜೊತೆಯವರು 2013ರಲ್ಲಿ ತೋರಿಸಿದ್ದು ಇದು: ಇಲಿಯ ಕಿಡ್ನಿಯಲ್ಲಿ, ಬಿಪಿ ಏರಿಸುವ ರೆನಿನ್ ಬಿಡುವ ಜಾಗದಲ್ಲಿ ಅಂಥ ಒಂದು ವಾಸನೆ ರಿಸೆಪ್ಟರ್ ಇದೆ, ಹೆಸರು ಓಎಲ್‌ಎಫ್‌ಆರ್ 78, ಅದನ್ನು ಅಸಿಟೇಟ್ ಮತ್ತು ಪ್ರೊಪಿಯೊನೇಟ್ ಎಬ್ಬಿಸುತ್ತವೆ. ಎದ್ದರೆ ರೆನಿನ್ ಹೊರಗೆ, ಬಿಪಿ ಮೇಲೆ. ಆದರೆ ಅದೇ ಪ್ರೊಪಿಯೊನೇಟ್ 41ರ ಮೂಲಕ ಬಿಪಿ ಇಳಿಸುತ್ತದೆ. ಪ್ರೊಪಿಯೊನೇಟ್ ಕೊಟ್ಟಾಗ ಮಾಮೂಲಿ ಇಲಿಯ ಬಿಪಿ ಇಳಿಯಿತು, 78 ಇಲ್ಲದ ಇಲಿಯದ್ದು ಇನ್ನೂ ಜಾಸ್ತಿ ಇಳಿಯಿತು. ಒಂದೇ ಸದ್ದು ಕೇಳಿ ಒಬ್ಬ ಗಾಡಿಯ ಬ್ರೇಕ್ ಒತ್ತುತ್ತಾನೆ, ಇನ್ನೊಬ್ಬ ಆಕ್ಸಿಲರೇಟರ್. ಸಂಪಾಜೆ ಘಾಟಿ ಇಳಿದವರಿಗೆ ಎರಡೂ ಯಾಕೆ ಬೇಕು ಅಂತ ಗೊತ್ತು.

ಮನುಷ್ಯರಲ್ಲಿ 78ಕ್ಕೆ ಸಮನಾದದ್ದು ಓಆರ್51ಇ2. ಮನುಷ್ಯರ ವಾಸನೆ ರಿಸೆಪ್ಟರ್ ಒಂದರ ಪೂರ್ತಿ ರಚನೆಯನ್ನು ಪರಮಾಣು ಮಟ್ಟದಲ್ಲಿ ಮೊದಲ ಸಲ ನೋಡಿದ್ದು 2023ರಲ್ಲಿ, ಅದು ಇದೇ. ಗುಳಿಯಲ್ಲಿ ಸಿಕ್ಕಿಕೊಂಡಿದ್ದದ್ದು ಒಂದು ಪ್ರೊಪಿಯೊನೇಟ್. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ, ಖುಷಿಗೆ.

ನಿಮ್ಮ ಬಿಪಿ ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ.

ಪ್ರಶ್ನೆ: ಇಷ್ಟೆಲ್ಲ ಓದಿ ಕೊನೆಗೆ ಏನು ತಿನ್ನಬೇಕು ಅಂತ ಹೇಳಿ ಪುಣ್ಯ ಕಟ್ಟಿಕೊಳ್ಳಿ. ನಮ್ಮದು ಅಕ್ಕಿ ರೊಟ್ಟಿ, ಕಡಂಬುಟ್ಟು (ಅಕ್ಕಿ ಕಡುಬು), ನೂಪುಟ್ಟು (ಅಕ್ಕಿ ಶಾವಿಗೆ), ಮೇಲೆ ಮಾಂಸ. ಇದರಲ್ಲಿ ನಾರು ಎಲ್ಲಿದೆ? ಕಾಫಿಯ ಚಿಕೋರಿಯಲ್ಲಿ ಇನುಲಿನ್ ಇದೆಯಂತೆ, ಅದು ಸಾಕಾ?
— ಗೋಣಿಕೊಪ್ಪಲು

ಉತ್ತರ: ಚಿಕೋರಿ ಬೇರಿನಲ್ಲಿ ಇನುಲಿನ್ ಬೇಕಾದಷ್ಟಿದೆ. ಆದರೆ ಕಾಫಿಗೆ ಅಂತ ಅದನ್ನು ಕಪ್ಪಾಗುವವರೆಗೆ ಹುರಿಯುತ್ತಾರೆ, ಹುರಿಯುವಾಗ ಇನುಲಿನ್ ಒಡೆದುಹೋಗುತ್ತದೆ. ಉಳಿದದ್ದು ಬಾಯಿಗೆ ಕಹಿ, ಬ್ಯಾಕ್ಟೀರಿಯಾಗೆ ಚೂರುಪಾರು. ಅದಕ್ಕೋಸ್ಕರ ಒಳ್ಳೆ ಕಾಫಿ ಕೆಡಿಸಬೇಡಿ. ಬರೀ ಕಾಫಿಯಲ್ಲೂ ಕರಗುವ ನಾರು ಒಂದಿಷ್ಟು ಇದೆ, ಆದರೆ ಅದು ಲೆಕ್ಕಕ್ಕೆ ಸಿಗುವಷ್ಟಲ್ಲ.

ಅಕ್ಕಿಯ ವಿಷಯ ಹೀಗೆ. ಬಿಸಿ ಅನ್ನದ ಪಿಷ್ಟ ಸಣ್ಣಕರುಳಿನಲ್ಲೇ ಹೆಚ್ಚುಕಡಿಮೆ ಮುಗಿಯುತ್ತದೆ. ಬೆಂದದ್ದು ತಣಿದಾಗ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂಡಿಕೊಳ್ಳುತ್ತವೆ, ಆಗ ನಮ್ಮ ಕಿಣ್ವಗಳಿಗೆ ಅದರಲ್ಲಿ ಸ್ವಲ್ಪ ಭಾಗ ಒಡೆಯಲು ಆಗುವುದಿಲ್ಲ. ನಿನ್ನೆಯ ಕಡಂಬುಟ್ಟು ಬೆಳಿಗ್ಗೆ ಮುಟ್ಟಿ ನೋಡಿ, ಗಟ್ಟಿ ರಬ್ಬರ್ ಆಗಿರುತ್ತದಲ್ಲ, ಅದೇ. ಹಾಗೆ ಉಳಿದ ಪಿಷ್ಟ ದೊಡ್ಡಕರುಳಿಗೆ ಇಳಿದು ಅಲ್ಲಿಯವರ ಊಟ ಆಗುತ್ತದೆ. ಪ್ರಮಾಣ ಜಾಸ್ತಿ ಏನಲ್ಲ, ಸುಮ್ನೆ ಇದನ್ನು ಅಮೃತ ಮಾಡಬೇಡಿ. ಅನ್ನ ಉಳಿಸುವುದಾದರೆ ಬೇಗ ತಣಿಸಿ ಫ್ರಿಜ್ಜಿಗೆ ಹಾಕಿ. ರಾತ್ರಿಯಿಡೀ ಒಲೆಪಕ್ಕ ಬಿಟ್ಟ ಅನ್ನದಲ್ಲಿ ಹುಟ್ಟುವ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ.

ಬಾಳೆಕಾಯಿ ಇನ್ನೂ ವಾಸಿ. ಹಲಸಿನ ಬೀಜ, ಹುರುಳಿ, ಅಲಸಂದೆ, ಕೆಸು, ಇವೆಲ್ಲ ನಮ್ಮ ಅಡುಗೆಯಲ್ಲೇ ಇದ್ದವು, ಮಾಂಸದ ಪಾತ್ರೆ ದೊಡ್ಡದಾದ ಹಾಗೆ ಮೂಲೆಗೆ ಸರಿದವು. ಕಣಿಲೆಯ (ಎಳೆ ಬಿದಿರಿನ ಮೊಳಕೆ) ಬಗ್ಗೆ ಕೇಳುವವರಿಗೆ: ಅದರ ನಾರು ಬಹುತೇಕ ಗಡಸು, ಮಲಕ್ಕೆ ಗಾತ್ರ ಕೊಡುತ್ತದೆ, ಆದರೆ ಬ್ಯಾಕ್ಟೀರಿಯಾಗಳು ಅದನ್ನು ಅಷ್ಟಾಗಿ ಹುಳಿ ಬರಿಸಲಾರವು. ಎಲ್ಲ ನಾರೂ ಒಂದೇ ಅಲ್ಲ.

ನಿಧಾನಕ್ಕೆ ಹೆಚ್ಚಿಸಿ. ಇದನ್ನು ನನ್ನ ಮೈಮೇಲೆ ಬಂದ ಮೇಲೆ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಇನುಲಿನ್ ಪುಡಿ ತರಿಸಿದೆ. ಡಬ್ಬಿಯ ಮೇಲೆ ಒಂದು ಚಮಚ ಅಂತ ಇತ್ತು, ನನಗೆಲ್ಲ ಗೊತ್ತು ಅನ್ನುವ ಜಂಬದಲ್ಲಿ ಮೂರು ಚಮಚ ಮಜ್ಜಿಗೆಗೆ ಕಲಸಿ ಕುಡಿದು ತಂಗಿಯ ಮಗಳ ಮದುವೆಗೆ ಹೋದೆ. ಮಧ್ಯಾಹ್ನದ ಹೊತ್ತಿಗೆ ಹೊಟ್ಟೆ ಡೋಲು. ಬ್ಯಾಕ್ಟೀರಿಯಾಗಳು ಆಮ್ಲ ಮಾಡುವಾಗ ಹೈಡ್ರೋಜನ್, ಕಾರ್ಬನ್ ಡೈಆಕ್ಸೈಡ್ ಕೂಡ ಬಿಡುತ್ತವೆ ಅಂತ ಮೂವತ್ತು ವರ್ಷ ಪಾಠ ಮಾಡಿದವಳು, ಸೀರೆಯ ನೆರಿಗೆ ಸಡಿಲ ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದೆ. ವಾಲಗ ಜೋರಾಗಿದ್ದದ್ದು ನನ್ನ ಪುಣ್ಯ. ತಂಗಿ ಎರಡು ಸಲ ಬಂದು, ಅಕ್ಕ ಯಾಕೆ ಕುಣಿಯುವುದಿಲ್ಲ ಅಂತ ಕೈ ಎಳೆದಳು.

ಪ್ರಶ್ನೆ: ಕಾಚಂಪುಳಿಯೂ ವಿನೆಗರ್ ತಾನೇ? ಅಂದರೆ ಅಸಿಟೇಟ್. ಪಂದಿಕರಿ ತಿಂದರೆ ರಿಸೆಪ್ಟರ್‌ಗಳಿಗೆ ಒಳ್ಳೆಯದು ಅನ್ನಬಹುದಲ್ವಾ?
— ಪೊನ್ನಂಪೇಟೆ

ಉತ್ತರ: ಒಳ್ಳೆ ನೆಪ ಹುಡುಕಿದ್ದೀರಿ. ಅಲ್ಲ. ಪನಪುಳಿ ಹಣ್ಣಿನ ರಸ ಇಳಿಸಿ ಕಪ್ಪಗೆ ಗಟ್ಟಿಯಾಗುವವರೆಗೆ ಕಾಯಿಸಿದ್ದು ಕಾಚಂಪುಳಿ, ಅದರ ಮುಖ್ಯ ಹುಳಿ ಹೈಡ್ರಾಕ್ಸಿ ಸಿಟ್ರಿಕ್ ಆಮ್ಲ. ಆರು ಕಾರ್ಬನ್‌ನ ದೊಡ್ಡ ಮೈ, 43ರ ಗುಳಿಗೆ ಹಿಡಿಸುವಂಥದ್ದಲ್ಲ. ಹಂದಿ ಮಾಂಸಕ್ಕೆ ಬೇಕಾದಷ್ಟು ಹಾಕಿ. ಪಕ್ಕದಲ್ಲಿ ಒಂದು ಬಟ್ಟಲು ಹುರುಳಿ ಇಟ್ಟುಕೊಳ್ಳಿ.